ಸ್ಟೇಷನ್ನಿಗೆ ಹೆಸರು ಕೊಟ್ಟ ಚರ್ಚ್: ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ

ಇಟಲಿ ಟೂರ್ ಹೊರಟವರ ರೈಲು ಟಿಕೆಟ್ ಮೇಲೆ 'ಫಿರೆಂಜೆ ಎಸ್.ಎಂ.ಎನ್.' ಅಂತ ಇರುತ್ತದೆ. ಫಿರೆಂಜೆ ಅಂದರೆ ಫ್ಲಾರೆನ್ಸ್, ಅದು ಹೇಗೋ ಗೊತ್ತಾಗುತ್ತದೆ. ಈ ಎಸ್.ಎಂ.ಎನ್. ಏನು? ಸಾಂತಾ ಮರಿಯಾ ನೊವೆಲ್ಲಾ. ಎದುರಿಗಿರುವ ಚರ್ಚಿನ ಹೆಸರನ್ನೇ ಊರಿನ ದೊಡ್ಡ ಸ್ಟೇಷನ್ನಿಗೆ ಇಟ್ಟಿದ್ದಾರೆ. ಸ್ಟೇಷನ್ನಿಂದ ಹೊರಗೆ ಬಂದರೆ ಕಾಣುವುದು ಆ ಚರ್ಚಿನ ಬೆನ್ನು, ಮುಖ ಇರುವುದು ಆ ಕಡೆ. ಹಾಗಾಗಿ ಎಷ್ಟೋ ಜನ ಟ್ರಾಲಿ ಎಳೆದುಕೊಂಡು ಅದರ ಪಕ್ಕದಲ್ಲೇ ಹಾದು, ದೊಡ್ಡ ಗುಮ್ಮಟದ ಕ್ಯಾಥೆಡ್ರಲ್ ಕಡೆ ಹೋಗಿಬಿಡುತ್ತಾರೆ.

ಒಳಗೆ ಹೋಗಿ ಬಂದವರು ಹೇಳುವುದೂ ಒಂದೇ ಮಾತು: "ಏನೇನೋ ಇತ್ತು, ಎಲ್ಲಾ ಚೆನ್ನಾಗಿತ್ತು, ಒಂದೂ ಅರ್ಥವಾಗಲಿಲ್ಲ." ಅದು ಅವರ ತಪ್ಪಲ್ಲ. ಆರೇಳು ಶತಮಾನದ ಸಾಮಾನು ಒಂದೇ ಮನೆಯಲ್ಲಿ ಪೇರಿಸಿಟ್ಟಿದ್ದರೆ ಯಾರಿಗೆ ತಾನೇ ಅರ್ಥವಾಗುತ್ತೆ? ಒಂದು ಎಳೆ ಹಿಡಿದರೆ ಮಾತ್ರ ಸಲೀಸು. ಇದು ಮಾತಿಗಾಗಿ ಕಟ್ಟಿದ ಚರ್ಚ್. ಜನರನ್ನು ಕೂರಿಸಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಧರ್ಮ ಹೇಳುವುದಕ್ಕೆ. ಅಲ್ಲಿನ ಕಂಬ, ಚಿತ್ರ, ಮುಂದಿನ ಮೈದಾನ ಎಲ್ಲವೂ ಆ ಕೆಲಸಕ್ಕೆ ಬಂದವು.

## ಕಾನ್ವೆಂಟ್ ಅಂದರೆ ಸ್ಕೂಲಲ್ಲ

ನಮ್ಮಲ್ಲಿ 'ಮಗ ಕಾನ್ವೆಂಟಿಗೆ ಹೋಗ್ತಾನೆ' ಅಂದರೆ ಇಂಗ್ಲಿಷ್ ಶಾಲೆ ಅಂತ ಅರ್ಥ. ಆ ಶಾಲೆಗಳನ್ನು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದರು, ಅವರ ಮನೆಯ ಹೆಸರೇ ಶಾಲೆಗೂ ಅಂಟಿಕೊಂಡಿತು. ಮೂಲದಲ್ಲಿ ಕಾನ್ವೆಂಟ್ ಅಂದರೆ ಒಟ್ಟಿಗೆ ಸೇರುವುದು. ಒಂದೇ ನಿಯಮಕ್ಕೆ ಒಳಪಟ್ಟ ಸನ್ಯಾಸಿಗಳ ಕೂಟ, ಅವರು ವಾಸಿಸುವ ಮನೆ. ಗಂಡಸರದ್ದೂ ಇರಬಹುದು, ಹೆಂಗಸರದ್ದೂ ಇರಬಹುದು. ಇದು ಗಂಡಸರ ಮನೆ.

ಸನ್ಯಾಸಿಗಳಲ್ಲೂ ಎರಡು ಬಗೆ. ನಾವು ಸ್ಥಾವರ, ಜಂಗಮ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ಹಳೆಯ ಬಗೆಯವರು ಊರಾಚೆ ಮಠ ಕಟ್ಟಿಕೊಂಡು, ಹೊಲ ತೋಟ ಇಟ್ಟುಕೊಂಡು, ಅಲ್ಲೇ ಹುಟ್ಟಿದವರ ಹಾಗೆ ಅಲ್ಲೇ ಇದ್ದು ಸಾಯುವವರು. 13ನೇ ಶತಮಾನದ ಹೊತ್ತಿಗೆ ಯುರೋಪಿನಲ್ಲಿ ಪೇಟೆಗಳು ಬೆಳೆದವು. ಬಟ್ಟೆ ವ್ಯಾಪಾರ, ಬಡ್ಡಿ ವ್ಯವಹಾರ, ಓದು ಬರಹ ಕಲಿತ ಗುಮಾಸ್ತರು. ಊರಾಚೆಯ ಮಠ ಇವರನ್ನು ತಲುಪುತ್ತಿರಲಿಲ್ಲ. ಆಗ ಎರಡನೇ ಬಗೆಯವರು ಬಂದರು, ಫ್ರೈಯರ್‌ಗಳು. ಇವರು ಪೇಟೆಯಲ್ಲೇ ಇರುತ್ತಾರೆ, ಊರಿಂದೂರಿಗೆ ನಡೆಯುತ್ತಾರೆ, ಭಿಕ್ಷೆಯಿಂದ ಬದುಕುತ್ತಾರೆ.

ಡೊಮಿನಿಕನ್ನರು ಇಂಥ ಫ್ರೈಯರ್‌ಗಳು. ಸ್ಪೇನ್‌ನ ಡೊಮಿನಿಕ್ ಎಂಬ ಪಾದ್ರಿ ಕಟ್ಟಿದ ಸಂಘ, 1216ರಲ್ಲಿ ಪೋಪ್ ಮೂರನೇ ಹೊನೊರಿಯಸ್ ಮಂಜೂರು ಮಾಡಿದರು. ಸಂಘದ ಅಧಿಕೃತ ಹೆಸರೇ 'ಪ್ರಬೋಧಕರ ಸಂಘ'. ಪ್ರಬೋಧನೆ ಅಂದರೆ ಚರ್ಚಿನಲ್ಲಿ ಕೊಡುವ ಉಪದೇಶದ ಭಾಷಣ. ಬಿಳಿ ನಿಲುವಂಗಿ, ಮೇಲೆ ಕಪ್ಪು ಹೊದಿಕೆ. ಈ ಬಣ್ಣ ನೆನಪಿರಲಿ, ಮುಂದೆ ಬೇಕಾಗುತ್ತದೆ.

1221ರಲ್ಲಿ ಫ್ಲಾರೆನ್ಸಿನಲ್ಲಿ ಇವರ ಕೈಗೆ ಒಂದು ಪುಟ್ಟ ಚರ್ಚ್ ಬಂತು. ಊರ ಗೋಡೆಯ ಆಚೆ, ದ್ರಾಕ್ಷಿ ತೋಟಗಳ ನಡುವೆ. ಹಾಗಾಗಿ ಅದಕ್ಕೆ 'ದ್ರಾಕ್ಷಿ ತೋಟದ ಮರಿಯಮ್ಮ' ಅಂತಲೇ ಹೆಸರು. ಮರಿಯಮ್ಮ ಅಂದರೆ ಇಲ್ಲಿ ಯೇಸುವಿನ ತಾಯಿ. ಕೇಳಲು ಬರುವ ಜನ ಜಾಸ್ತಿಯಾದರು, ಜಾಗ ಸಾಲಲಿಲ್ಲ. 1279ರಲ್ಲಿ ಹೊಸದಕ್ಕೆ ಅಡಿಪಾಯ ಹಾಕಿದರು. ನೊವೆಲ್ಲಾ ಅಂದರೆ ಹೊಸದು, ಅಷ್ಟೇ. ಏಳುನೂರು ವರ್ಷ ದಾಟಿದ ಮೇಲೂ ಅದು 'ಹೊಸ' ಮರಿಯಮ್ಮನ ಚರ್ಚೇ. ನಮ್ಮೂರುಗಳ 'ಹೊಸಪೇಟೆ', 'ಹೊಸಕೋಟೆ'ಯ ಹಾಗೆ.

## ದೂರವನ್ನು ಕಟ್ಟಿದ ಬಗೆ

ಒಳಗೆ ಕಾಲಿಟ್ಟ ಕೂಡಲೇ ಮೊದಲು ಆಗುವ ಅನುಭವ ಉದ್ದ. ನಡುವಿನ ಹಜಾರ ಸುಮಾರು ನೂರು ಮೀಟರ್. ಆದರೆ ನಿಂತು ನೋಡಿದರೆ ಅದಕ್ಕಿಂತಲೂ ಉದ್ದ ಅನ್ನಿಸುತ್ತದೆ, ಅದರಲ್ಲೊಂದು ಚಮತ್ಕಾರ ಇದೆ. ಎರಡೂ ಕಡೆಯ ಕಂಬಗಳ ನಡುವಿನ ಅಂತರ ಎಲ್ಲಾ ಕಡೆ ಒಂದೇ ಅಲ್ಲ. ಬಲಿಪೀಠದ, ಅಂದರೆ ಪೂಜೆ ನಡೆಯುವ ವೇದಿಕೆಯ, ಹತ್ತಿರ ಹೋದಂತೆ ಕಂಬಗಳು ಒತ್ತೊತ್ತಾಗುತ್ತವೆ. ರಸ್ತೆ ಬದಿಯ ಕರೆಂಟ್ ಕಂಬಗಳು ದೂರ ಹೋದಂತೆ ಹತ್ತಿರ ಹತ್ತಿರ ಕಾಣುತ್ತವೆ ಅಲ್ವಾ? ಆ ಭ್ರಮೆಯನ್ನು ಇವರು ಕಲ್ಲಿನಲ್ಲೇ ಸ್ವಲ್ಪ ಜಾಸ್ತಿ ಮಾಡಿದ್ದಾರೆ. ಕಂಬಗಳು ತೆಳು, ಕಮಾನುಗಳು ಅಗಲ. ಮಾತಾಡುವವನನ್ನು ನೋಡಲು ಅಡ್ಡ ಆಗಬಾರದಲ್ಲ.

ಈಗ ಕಾಣದ ಒಂದು ಸಂಗತಿಯೂ ಇದೆ. ಮೊದಲು ಹಜಾರದ ಮಧ್ಯೆ ಆ ಬದಿಯಿಂದ ಈ ಬದಿಗೆ ಒಂದು ಅಡ್ಡಗೋಡೆ ಇತ್ತು. ಅದರಾಚೆ ಫ್ರೈಯರ್‌ಗಳು, ಈಚೆ ಸಾಮಾನ್ಯ ಜನ. ಗರ್ಭಗುಡಿ, ನವರಂಗ ಅಂತ ನಾವು ಬೇರೆ ಮಾಡುವ ಹಾಗೆ. 1565ರಲ್ಲಿ ಊರಿನ ದೊರೆ ಮೊದಲನೇ ಕೊಸಿಮೊ ಅಪ್ಪಣೆಯಂತೆ ಜಾರ್ಜೊ ವಸಾರಿ ಎಂಬ ಚಿತ್ರಕಾರ, ವಾಸ್ತುಶಿಲ್ಪಿ ಅದನ್ನು ಕೆಡವಿಸಿದ. ಬಲಿಪೀಠ ಎಲ್ಲರಿಗೂ ಕಾಣಬೇಕು ಅನ್ನುವುದು ಆ ಕಾಲದ ಕ್ಯಾಥೊಲಿಕ್ ಸುಧಾರಣೆಯ ಒತ್ತಾಯ. ಈ ಅಡ್ಡಗೋಡೆ ಮರೆತರೆ ಎಷ್ಟೋ ಚಿತ್ರಗಳು ಯಾಕೆ ಎಲ್ಲಿವೆ ಅನ್ನುವುದೇ ತಿಳಿಯುವುದಿಲ್ಲ. ಒಂದು ಕಾಲದಲ್ಲಿ ಇಲ್ಲಿದ್ದದ್ದು ಆಮೇಲೆ ಅಲ್ಲಿಗೆ ಹೋಯಿತು, ಕೆಲವು ಊರಿನ ಮ್ಯೂಸಿಯಂ ಸೇರಿದವು. 1285ರಲ್ಲಿ ಇಲ್ಲಿನ ಭಜನಾ ಮಂಡಳಿಯಂಥ ಒಂದು ಭಕ್ತರ ಸಂಘ ದೂಚ್ಚೊ ಎಂಬ ಕಲಾವಿದನಿಂದ ಬರೆಸಿದ ನಾಲ್ಕೂವರೆ ಮೀಟರ್ ಎತ್ತರದ ಮರಿಯಮ್ಮನ ಚಿತ್ರ ಈಗ ಉಫಿಜಿ ಮ್ಯೂಸಿಯಂನಲ್ಲಿದೆ.

ಹಜಾರದ ನಡುವೆ ಮೇಲಿಂದ ಇಳಿಬಿಟ್ಟ ದೊಡ್ಡ ಮರದ ಶಿಲುಬೆ ಮಾತ್ರ ಇಲ್ಲೇ ಇದೆ. ಎತ್ತರ 5.78 ಮೀಟರ್, ಅಂದರೆ ಒಂದೂವರೆ ಅಂತಸ್ತಿಗಿಂತ ಜಾಸ್ತಿ. ಬರೆದವನು ಜೊತ್ತೊ, 1290ರ ಆಸುಪಾಸಿನಲ್ಲಿ, ಇನ್ನೂ ಹುಡುಗ. ಅದಕ್ಕೆ ಮುಂಚಿನ ಚಿತ್ರಗಳಲ್ಲಿ ಶಿಲುಬೆಯ ಮೇಲಿನ ಯೇಸು ನೋವು ತೋರಿಸಿದರೂ ಬಿಲ್ಲಿನಂತೆ ಬಾಗಿದ ಒಂದು ಅಂದದ ಆಕಾರ. ಜೊತ್ತೊ ದೇಹಕ್ಕೆ ತೂಕ ಕೊಟ್ಟ. ತಲೆ ಎದೆಗೆ ಜೋತುಬಿದ್ದಿದೆ, ಹೊಟ್ಟೆ ಕುಸಿದಿದೆ, ತೋಳುಗಳು ಜಗ್ಗಿವೆ. ಕಾಲಿನ ಮೇಲೆ ಕಾಲಿಟ್ಟು ಎರಡಕ್ಕೂ ಒಂದೇ ಮೊಳೆ. ನೋಡಿದವರಿಗೆ ಕರುಳು ಚುರ್ರೆನ್ನಬೇಕು, ಅಷ್ಟೇ ಉದ್ದೇಶ. 1312ರಲ್ಲಿ ಊರಿನವನೊಬ್ಬ ತನ್ನ ಉಯಿಲಿನಲ್ಲಿ ಈ ಶಿಲುಬೆಯ ಮುಂದೆ ದೀಪ ಉರಿಯುತ್ತಿರಲಿ ಅಂತ ಎಣ್ಣೆಗೆ ದುಡ್ಡು ಬಿಟ್ಟುಹೋಗಿದ್ದಾನೆ. ನಂದಾದೀಪದ ಸೇವೆ, ಇನ್ನೇನು!

## ಗೋಡೆಯಲ್ಲಿ ಕೊರೆದ ಕೋಣೆ

ಇನ್ನು ಎಡಗಡೆಯ ಗೋಡೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮಸಾಚ್ಚೊ ಎಂಬುವನ 'ತ್ರಿತ್ವ' ಚಿತ್ರ ಇರುವುದು ಇಲ್ಲೇ. ಬರೆದದ್ದು 1425ರಿಂದ 1427ರ ನಡುವೆ.

ಇದು ಫ್ರೆಸ್ಕೊ ಚಿತ್ರ. ಮೊದಲು ಫ್ರೆಸ್ಕೊ ಅಂದರೇನು ನೋಡೋಣ. ಗೋಡೆಗೆ ಸುಣ್ಣದ ಗಾರೆ ಮೆತ್ತಿ, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಸುಣ್ಣ ಗಾಳಿಗೆ ಆರುತ್ತಾ ಮತ್ತೆ ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಅಂದರೆ ಬಣ್ಣ ಗೋಡೆಯ ಮೇಲಿಲ್ಲ, ಗೋಡೆಯ ಒಳಗಿದೆ. ತೊಂದರೆ ಏನಂದರೆ ಗಾರೆ ಒಣಗಿದ ಮೇಲೆ ಏನೂ ಮಾಡುವಂತಿಲ್ಲ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತೋ ಅಷ್ಟಕ್ಕೇ ಗಾರೆ ಮೆತ್ತುತ್ತಾರೆ. ಹತ್ತಿರದಿಂದ ನೋಡಿದರೆ ಒಂದೊಂದು ದಿನದ ತೇಪೆಯ ಅಂಚು ಗೊತ್ತಾಗುತ್ತದೆ. ಈ ಚಿತ್ರ ಅಂಥ ಸುಮಾರು ನಾಲ್ಕು ವಾರದ ಕೆಲಸ.

ಮಸಾಚ್ಚೊ ಮಾಡಿದ್ದು ಇಷ್ಟು. ಸಪಾಟು ಗೋಡೆಯ ಮೇಲೆ ಒಂದು ಕೋಣೆ ಬರೆದ. ಎರಡು ಕಂಬ, ಮೇಲೆ ಕಮಾನು, ಅದರ ಹಿಂದೆ ಚೌಕ ಚೌಕದ ಚಾವಣಿ ಒಳಗೆ ಒಳಗೆ ಹೋಗುತ್ತದೆ. ಒಳಗೆ ಶಿಲುಬೆ, ಹಿಂದೆ ಅದನ್ನು ಹಿಡಿದು ನಿಂತ ತಂದೆ ದೇವರು, ಇಬ್ಬರ ನಡುವೆ ಪಾರಿವಾಳ, ಅದು ಪವಿತ್ರಾತ್ಮ. ಮೂರೂ ಒಂದೇ ಅನ್ನುವುದು ತ್ರಿತ್ವ. ಕೆಳಗೆ ಮರಿಯಮ್ಮ ಮತ್ತು ಶಿಷ್ಯ ಯೊವಾನ್ನ. ಮರಿಯಮ್ಮ ಅಳುತ್ತಿಲ್ಲ. ನಮ್ಮ ಕಡೆ ನೇರ ನೋಡುತ್ತಾ 'ನೋಡಿ' ಅನ್ನುವ ಹಾಗೆ ಕೈ ತೋರಿಸುತ್ತಾಳೆ. ಕಂಬದಿಂದ ಈಚೆ ಮಂಡಿಯೂರಿದ ಗಂಡ ಹೆಂಡತಿ, ಚಿತ್ರಕ್ಕೆ ದುಡ್ಡು ಕೊಟ್ಟವರು.

ಕೋಣೆ ನಿಜ ಅನ್ನಿಸುವುದು ಹೇಗೆ? ರೈಲ್ವೆ ಹಳಿಯ ಮಧ್ಯೆ ನಿಂತರೆ ಎರಡು ಹಳಿ ದೂರದಲ್ಲಿ ಒಂದು ಚುಕ್ಕೆಗೆ ಸೇರಿದಂತೆ ಕಾಣುತ್ತದೆ. ಚಿತ್ರದಲ್ಲೂ ಒಳಕ್ಕೆ ಹೋಗುವ ಗೆರೆಗಳೆಲ್ಲ ಹಾಗೆ ಒಂದೇ ಚುಕ್ಕೆಗೆ ಸೇರುವಂತೆ ಎಳೆದರೆ ನಮ್ಮ ಕಣ್ಣು ಆಳ ಇದೆ ಅಂತ ನಂಬಿಬಿಡುತ್ತದೆ. ಈ ಲೆಕ್ಕವನ್ನು ಫ್ಲಾರೆನ್ಸಿನಲ್ಲಿ ತೋರಿಸಿಕೊಟ್ಟವನು ವಾಸ್ತುಶಿಲ್ಪಿ ಫಿಲಿಪ್ಪೊ ಬ್ರುನೆಲೆಸ್ಕಿ. ಅದನ್ನು ಚಾಚೂ ತಪ್ಪದೆ ಪಾಲಿಸಿದ ಚಿತ್ರಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯವುಗಳ ಸಾಲಿನಲ್ಲಿ ಇದು ಇದೆ. ಚುಕ್ಕೆ ಇಟ್ಟಿರುವುದು ನಿಂತು ನೋಡುವವರ ಕಣ್ಣಿನ ಮಟ್ಟಕ್ಕೇ. ಗಾರೆಯ ಮೇಲೆ ಮೊಳೆಯ ಗುರುತು, ದಾರ ಹಿಡಿದು ಒತ್ತಿದ ಗೆರೆ ಇವತ್ತಿಗೂ ಇವೆ. ಮನೆ ಕಟ್ಟುವಾಗ ಮೇಸ್ತ್ರಿ ದಾರ ಹಿಡಿಯುತ್ತಾನಲ್ಲ, ಥೇಟ್ ಹಾಗೇ. ಇಷ್ಟು ಮಾಡಿದ ಮಸಾಚ್ಚೊ 1428ರಲ್ಲಿ ಸತ್ತಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಎಲ್ಲಕ್ಕಿಂತ ಕೆಳಗೆ ಒಂದು ಸಮಾಧಿ, ಮೇಲೆ ಅಂಗಾತ ಮಲಗಿದ ಅಸ್ಥಿಪಂಜರ. ಅದರ ಮೇಲೆ ಹೀಗೆ ಬರೆದಿದೆ: ನೀವು ಈಗ ಇರುವಂತೆ ನಾನೂ ಒಮ್ಮೆ ಇದ್ದೆ, ನಾನು ಈಗ ಇರುವಂತೆ ನೀವೂ ಆಗುವಿರಿ. ಲ್ಯಾಟಿನ್‌ನಲ್ಲಿ ಅಲ್ಲ, ಊರಿನವರು ಆಡುವ ಮಾತಿನಲ್ಲೇ ಬರೆದಿದ್ದಾರೆ. ಪ್ರಬೋಧಕರ ಚರ್ಚ್ ಅಂದೆನಲ್ಲ.

ಇದರ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಡ್ಡಗೋಡೆ ಕೆಡವಿಸಿದ ವಸಾರಿ ಹೊಸ ಬಲಿಪೀಠಗಳನ್ನು ಕೂರಿಸುವಾಗ ಈ ಚಿತ್ರದ ಮುಂದೆಯೇ ಒಂದನ್ನು ನಿಲ್ಲಿಸಿ, ತಾನೇ ಬರೆದ ಜಪಮಾಲೆಯ ಮರಿಯಮ್ಮನ ಚಿತ್ರ ಇಟ್ಟ. ತಮಾಷೆ ಅಂದರೆ, ಗೋಡೆಯನ್ನೇ ಕೊರೆದಂತೆ ಕಾಣುತ್ತದೆ ಅಂತ ಮಸಾಚ್ಚೊನ ಈ ಚಿತ್ರವನ್ನು ಹೊಗಳಿ ಬರೆದವನೂ ಇದೇ ವಸಾರಿ. ಕೆರೆದು ಹಾಕಲಿಲ್ಲ, ಹಿಂದೆ ಹಾಗೇ ಬಿಟ್ಟ. ಸುಮಾರು ಮುನ್ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಅದು ಕತ್ತಲಲ್ಲಿತ್ತು. 1860ರ ಸುಮಾರಿಗೆ ಬಲಿಪೀಠ ತೆಗೆದಾಗ ಸಿಕ್ಕಿತು. ಆಗ ಮೇಲಿನ ಭಾಗವನ್ನು ಗಾರೆ ಸಮೇತ ಬಿಡಿಸಿ ಮುಂಬಾಗಿಲ ಪಕ್ಕದ ಗೋಡೆಗೆ ಸಾಗಿಸಿದರು. ಕೆಳಗಿನ ಅಸ್ಥಿಪಂಜರ ಅಲ್ಲೇ ಇದೆ ಅಂತ ತಿಳಿದು, ಎರಡನ್ನೂ ಮತ್ತೆ ಒಂದುಗೂಡಿಸಿದ್ದು 1952ರಲ್ಲಿ.

## ಭಿಕ್ಷೆಯವರ ಮನೆಗೆ ಇಷ್ಟು ದುಡ್ಡು ಎಲ್ಲಿಂದ?

ಫ್ರೈಯರ್‌ಗಳಿಗೆ ಸ್ವಂತ ಆಸ್ತಿ ಇಲ್ಲ. ಆದರೆ ಊರಿನ ಶ್ರೀಮಂತರಿಗೆ ಭಯ ಇತ್ತು. ಬಡ್ಡಿ ತಿನ್ನುವುದು ಪಾಪ ಅಂತ ಇದೇ ಪ್ರಬೋಧಕರು ವಾರ ವಾರ ಹೇಳುತ್ತಿದ್ದರು, ಊರು ನಡೆಯುತ್ತಿದ್ದದ್ದು ಮಾತ್ರ ಲೇವಾದೇವಿಯಿಂದ. ಹಾಗಾಗಿ ಚರ್ಚಿನೊಳಗೆ ಒಂದು ಚಾಪೆಲ್, ಅಂದರೆ ಮನೆತನಕ್ಕೆ ಮೀಸಲಾದ ಪ್ರಾರ್ಥನೆಯ ಕೋಣೆ, ಕಟ್ಟಿಸುವುದು, ಅಲ್ಲೇ ಸಮಾಧಿ, ಸತ್ತ ಮೇಲೆ ಆತ್ಮಕ್ಕಾಗಿ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಪೂಜೆ. ಪುಣ್ಯವೂ ಆಯಿತು, ಊರಿಗೆಲ್ಲ ಹೆಸರೂ ಆಯಿತು.

ಹೆಸರಿನ ವಿಚಾರಕ್ಕೆ ಚರ್ಚಿನ ಮುಖಭಾಗ ನೋಡಿ. ಬಿಳಿ ಮತ್ತು ಕಡು ಹಸಿರು ಅಮೃತಶಿಲೆ. ಕೆಳಗಿನ ಭಾಗ 14ನೇ ಶತಮಾನದ್ದು, ಅರ್ಧಕ್ಕೇ ನಿಂತಿತ್ತು. ನೂರು ವರ್ಷ ಬಿಟ್ಟು ಜೊವಾನ್ನಿ ರುಚೆಲ್ಲಾಯ್ ಎಂಬ ವ್ಯಾಪಾರಿ ದುಡ್ಡು ಕೊಟ್ಟ, ಲಿಯೊನ್ ಬತ್ತಿಸ್ತಾ ಆಲ್ಬೆರ್ತಿ ನಕ್ಷೆ ಮಾಡಿದ, 1470ರಲ್ಲಿ ಮುಗಿಯಿತು. ಆಲ್ಬೆರ್ತಿಗೆ ಕಷ್ಟ ಏನಿತ್ತೆಂದರೆ ನಡುವಿನ ಸೂರು ಎತ್ತರ, ಅಕ್ಕಪಕ್ಕದ್ದು ತಗ್ಗು. ಆ ಇಳಿಜಾರು ಮುಚ್ಚಲು ಎರಡೂ ಕಡೆ ಸುರುಳಿಯಾಕಾರದ ದೊಡ್ಡ ಫಲಕ ನಿಲ್ಲಿಸಿದ. ಹಂಚಿನ ಅಂಗಡಿಯ ಮುಂದೆ ಎತ್ತರಕ್ಕೆ ಗೋಡೆ ಎಬ್ಬಿಸಿ ಬಣ್ಣ ಹೊಡೆಯುತ್ತಾರಲ್ಲ, ಅದೇ ಉಪಾಯ. ಆದರೆ ಎಷ್ಟು ಚೆಂದ ಅಂದರೆ ಆಮೇಲೆ ಯುರೋಪಿನ ಎಷ್ಟೋ ಚರ್ಚುಗಳು ಅದನ್ನೇ ನಕಲು ಮಾಡಿದವು. ಇನ್ನು ಮೇಲ್ಗಡೆ ದೊಡ್ಡ ದೊಡ್ಡ ಅಕ್ಷರದಲ್ಲಿ ರುಚೆಲ್ಲಾಯ್ ಹೆಸರು, ಅವನ ಅಪ್ಪನ ಹೆಸರು, ಇಸವಿ. ದೇವಸ್ಥಾನದ ಫ್ಯಾನಿನ ರೆಕ್ಕೆ ಮೇಲೆ ದಾನಿಯ ಹೆಸರು ಬರೆಸುವುದು ನಮ್ಮೊಬ್ಬರದೇ ಚಾಳಿ ಅಂದುಕೊಂಡಿದ್ದರೆ ಅಲ್ಲ.

ಈ ಮನೆತನದ ಸಂಪತ್ತಿನ ಮೂಲ ಕೇಳಿದರೆ ನಗು ಬರುತ್ತದೆ. ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವು ಗೊತ್ತಲ್ಲ? ಬಂಡೆಯ ಮೇಲೆ ಹಬ್ಬುವ ಆ ಜಾತಿಯದೇ ಇನ್ನೊಂದರಿಂದ ನೇರಳೆ ಬಣ್ಣ ಬರುತ್ತದೆ. ಬಟ್ಟೆಗೆ ಹಾಕುವ ಆ ಬಣ್ಣದ ಹೆಸರು ಒರಿಚೆಲ್ಲೊ, ಅದರಿಂದಲೇ ರುಚೆಲ್ಲಾಯ್ ಅನ್ನುವ ಮನೆಹೆಸರು. ಅದನ್ನು ಹುಳಿಸಲು ಹಳೇ ಮೂತ್ರ ಬೇಕು. ಮನೆತನದ ಹಿರಿಯನೊಬ್ಬ ಪೂರ್ವದೇಶಕ್ಕೆ ಹೋದಾಗ ದಾರಿಬದಿ ಮೂತ್ರಕ್ಕೆ ಕೂತು, ಗಿಡ ಬಣ್ಣ ಬದಲಿಸಿದ್ದನ್ನು ನೋಡಿ ಇದನ್ನು ಕಂಡುಹಿಡಿದ ಅಂತ ಕಥೆ.

ಬಲಿಪೀಠದ ಹಿಂದಿನ ದೊಡ್ಡ ಚಾಪೆಲ್ ಜೊವಾನ್ನಿ ತೊರ್ನಾಬುವೊನಿಯದ್ದು, ಊರಿನ ಪ್ರಬಲ ಮೆದಿಚಿ ಮನೆತನದ ಬ್ಯಾಂಕಿನ ರೋಮ್ ಶಾಖೆ ನೋಡಿಕೊಳ್ಳುತ್ತಿದ್ದವನು. 1485ರಿಂದ 1490ರವರೆಗೆ ದೊಮೆನಿಕೊ ಗಿರ್ಲಂದಾಯೊ ಮತ್ತು ಅವನ ಕಡೆಯವರು ಇದರ ಗೋಡೆಗಳನ್ನು ತುಂಬಿಸಿದರು. ಒಂದು ಗೋಡೆ ಮರಿಯಮ್ಮನ ಬದುಕು, ಎದುರಿನದು ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನನದು. ನನಗೆ ಹಿಡಿಸಿದ್ದು ಮರಿಯಮ್ಮ ಹುಟ್ಟಿದ ಚಿತ್ರ. ಬಾಣಂತಿ ಕೋಣೆ. ತಾಯಿ ಹಾಸಿಗೆಯ ಮೇಲೆ, ಒಬ್ಬಳ ತೊಡೆಯ ಮೇಲೆ ಕೂಸು, ಇನ್ನೊಬ್ಬಳು ಬಗ್ಗಿ ಬೋಗುಣಿಗೆ ನೀರು ಹೊಯ್ಯುತ್ತಿದ್ದಾಳೆ. ಎಡದಿಂದ ನೋಡಲು ಬಂದ ಹೆಂಗಸರ ಸಾಲು, ಮುಂದೆ ಜರಿ ಬಟ್ಟೆ ಉಟ್ಟು ನೆಟ್ಟಗೆ ನಿಂತ ಹುಡುಗಿ. ಅವಳು ಬೈಬಲಿನವಳಲ್ಲ, ತೊರ್ನಾಬುವೊನಿಯ ಮಗಳು ಲುದೊವಿಕಾ. ಕಥೆ ಎಲ್ಲಿಯದೋ, ಕೋಣೆ, ಬಟ್ಟೆ, ಮುಖ ಎಲ್ಲಾ ಫ್ಲಾರೆನ್ಸಿನದು. ಇದೇ ಗಿರ್ಲಂದಾಯೊ ಬಳಿ 1488ರಲ್ಲಿ 13 ವರ್ಷದ ಹುಡುಗನೊಬ್ಬ ಕೆಲಸ ಕಲಿಯಲು ಸೇರಿದ. ಹೆಸರು ಮೈಕೆಲ್ಯಾಂಜೆಲೊ.

## ಕಪ್ಪು ಬಿಳುಪು ನಾಯಿಗಳು

ಚರ್ಚಿನ ಪಕ್ಕಕ್ಕೆ ಅಂಗಳ, ಅಂಗಳದ ಬದಿಗೆ ಫ್ರೈಯರ್‌ಗಳು ಸಭೆ ಸೇರುತ್ತಿದ್ದ ದೊಡ್ಡ ಕೋಣೆ. ಮುಂದೆ ಕೊಸಿಮೊನ ಸ್ಪೇನ್ ಮೂಲದ ಹೆಂಡತಿಯ ಕಡೆಯವರು ಬಳಸಿದ್ದರಿಂದ ಇದಕ್ಕೆ 'ಸ್ಪ್ಯಾನಿಷ್ ಚಾಪೆಲ್' ಅಂತ ಹೆಸರು ಬಂತು. 1348ರ ಪ್ಲೇಗಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ಗುಯಿದಲೊತ್ತಿ ಎಂಬ ವ್ಯಾಪಾರಿ ಇದಕ್ಕೆ ದುಡ್ಡು ಕೊಟ್ಟ. ಆಂದ್ರೆಯಾ ದಿ ಬೊನಾಯುತೊ 1365ರಿಂದ 1367ರಲ್ಲಿ ನೆಲದಿಂದ ಸೂರಿನವರೆಗೆ ಬಣ್ಣ ತುಂಬಿದ.

ಬಲಗೋಡೆಯ ಕೆಳಗೆ ಕಪ್ಪು ಬಿಳುಪು ನಾಯಿಗಳು ತೋಳಗಳ ಮೇಲೆ ಬಿದ್ದು ಕುರಿಗಳನ್ನು ಕಾಯುತ್ತಿವೆ. ಫ್ರೈಯರ್‌ಗಳ ಬಟ್ಟೆಯ ಬಣ್ಣ ನೆನಪಿದೆಯಲ್ಲ? ಲ್ಯಾಟಿನ್‌ನಲ್ಲಿ 'ದೋಮಿನಿ ಕಾನೆಸ್' ಅಂದರೆ ದೇವರ ನಾಯಿಗಳು, ಡೊಮಿನಿಕನ್ ಅನ್ನುವ ಹೆಸರಿನ ಮೇಲೆ ಶ್ಲೇಷೆ. ಕುರಿ ಅಂದರೆ ಭಕ್ತರು, ತೋಳ ಅಂದರೆ ಚರ್ಚಿನ ಮತ ಒಪ್ಪದವರು. ಅವರನ್ನು ಹಿಡಿದು ವಿಚಾರಣೆ ಮಾಡುವ ಇನ್‌ಕ್ವಿಸಿಷನ್ ಎಂಬ ನ್ಯಾಯಮಂಡಳಿಯಲ್ಲಿ ಡೊಮಿನಿಕನ್ನರೇ ಮುಂದಿದ್ದರು. ಅದನ್ನು ತಿಳಿದು ನೋಡಿದರೆ ಈ ನಾಯಿಗಳು ಅಷ್ಟು ಮುದ್ದಾಗಿ ಕಾಣುವುದಿಲ್ಲ.

ಅವುಗಳ ಹಿಂದೆ ಫ್ಲಾರೆನ್ಸ್ ಕ್ಯಾಥೆಡ್ರಲ್ ಇದೆ, ಗುಮ್ಮಟ ಸಮೇತ. ನಿಜವಾದ ಗುಮ್ಮಟ ಮುಗಿದದ್ದು 1436ರಲ್ಲಿ! ಇದನ್ನು ಬರೆದಾಗ ಅಷ್ಟು ದೊಡ್ಡದನ್ನು ಕಟ್ಟುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ.

## ಸೂರ್ಯನನ್ನು ಅಳೆದವನು, ಸೂರ್ಯನಿಗಾಗಿ ಬೈದವನು

ಮುಖಭಾಗದಲ್ಲಿ ಇನ್ನೂ ಎರಡು ವಸ್ತು ಇವೆ. ಎಡಕ್ಕೆ ಬಳೆಗಳನ್ನು ಒಂದರೊಳಗೊಂದು ಸಿಕ್ಕಿಸಿದಂಥ ಲೋಹದ ಉಪಕರಣ, ಬಲಕ್ಕೆ ಗೆರೆ ಕೊರೆದ ಅಮೃತಶಿಲೆಯ ಹಲಗೆ. ಬಹಳ ಜನ ಅಲಂಕಾರ ಅಂದುಕೊಳ್ಳುತ್ತಾರೆ. ಇವು ಸೂರ್ಯನನ್ನು ಅಳೆಯುವ ಸಾಧನಗಳು. 1570ರ ದಶಕದಲ್ಲಿ ಇಲ್ಲೇ ಇದ್ದ ಇಗ್ನಾತ್ಸಿಯೊ ದಾಂತಿ ಎಂಬ ಡೊಮಿನಿಕನ್ ಕೂರಿಸಿದ್ದು.

ಅವನಿಗೆ ಇದ್ದ ತಲೆನೋವು ಕ್ಯಾಲೆಂಡರ್. ಆಗಿನ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 365 ದಿನ 6 ಗಂಟೆ. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಮ್ಮಿ. ವರ್ಷಕ್ಕೆ 11 ನಿಮಿಷ ಏನು ಮಹಾ ಅನ್ನಿಸುತ್ತೆ, ಆದರೆ ನೂರಿಪ್ಪತ್ತೆಂಟು ವರ್ಷಕ್ಕೆ ಒಂದು ದಿನ ಆಗಿಬಿಡುತ್ತದೆ. ಹಗಲು ರಾತ್ರಿ ಸಮ ಆಗುವ ದಿನ ಮಾರ್ಚ್ 21 ಅಂತ ಇಟ್ಟುಕೊಂಡು ಚರ್ಚ್ ಈಸ್ಟರ್ ಹಬ್ಬ ಲೆಕ್ಕ ಹಾಕುತ್ತಿತ್ತು. ದಾಂತಿ ಅಳೆದು ನೋಡಿದರೆ ಆ ದಿನ ಮಾರ್ಚ್ 11ಕ್ಕೇ ಬಂದಿತ್ತು. ಇನ್ನೂ ಕರಾರುವಾಕ್ಕಾಗಿ ಅಳೆಯಲು ಮುಖಭಾಗದಲ್ಲಿ ರಂಧ್ರ ಮಾಡಿಸಿ, ಬಿಸಿಲಿನ ಚುಕ್ಕೆ ಒಳಗಿನ ನೆಲದ ಮೇಲೆ ಬೀಳುವಂತೆ ಏರ್ಪಾಡು ಶುರು ಮಾಡಿದ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ದಿನ ಬಿಸಿಲು ಲಿಂಗ ಮುಟ್ಟುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕೆಲಸ ಮುಗಿಯುವ ಮೊದಲೇ ಕೊಸಿಮೊ ಸತ್ತ, ದಾಂತಿ ಊರು ಬಿಡಬೇಕಾಯಿತು. ಆಮೇಲೆ ರೋಮ್‌ನಲ್ಲಿ ಕ್ಯಾಲೆಂಡರ್ ತಿದ್ದುವ ಸಮಿತಿ ಸೇರಿದ. 1582ರ ಅಕ್ಟೋಬರ್ 4ರ ಮಾರನೇ ದಿನ ಅಕ್ಟೋಬರ್ 15 ಆಯಿತು. ಇವತ್ತು ನಮ್ಮ ಮನೆ ಗೋಡೆಗೆ ತಗುಲಿಹಾಕಿದ ಕ್ಯಾಲೆಂಡರಿನ ತಾರೀಕು ಆ ತಿದ್ದುಪಡಿಯದೇ.

ಅದೇ ಚರ್ಚಿನ ಒಳಗೆ, ಎಡಗಡೆಯ ಕಂಬವೊಂದಕ್ಕೆ ಅಂಟಿದಂತೆ ಗುಂಡನೆಯ ಪ್ರಬೋಧನಾ ಪೀಠ ಇದೆ. ಬ್ರುನೆಲೆಸ್ಕಿ ನಕ್ಷೆ, ಅವನ ಸಾಕುಮಗ ಬುಜ್ಜಾನೊ ಕೆತ್ತನೆ. ಮೈಕ್ ಇಲ್ಲದ ಕಾಲದಲ್ಲಿ ಜನರ ನಡುವೆ, ಎತ್ತರದಲ್ಲಿ ನಿಂತರೆ ಮಾತ್ರ ಮಾತು ಕೇಳಿಸುತ್ತಿತ್ತು. 1614ರ ಡಿಸೆಂಬರ್ 21ರಂದು ತೊಮ್ಮಾಸೊ ಕಚ್ಚೀನಿ ಎಂಬ ಡೊಮಿನಿಕನ್ ಈ ಚರ್ಚಿನಲ್ಲಿ ಪ್ರಬೋಧನೆಗೆ ನಿಂತು, ಭೂಮಿ ತಿರುಗುತ್ತದೆ, ಸೂರ್ಯ ನಿಂತಿದ್ದಾನೆ ಅನ್ನುವವರ ಮೇಲೆ ಹರಿಹಾಯ್ದ. ಗುರಿ ಗೆಲಿಲಿಯೊ. ಬೈಬಲಿನ 'ಗಲಿಲೇಯದವರೇ, ಯಾಕೆ ಆಕಾಶ ನೋಡುತ್ತಾ ನಿಂತಿದ್ದೀರಿ' ಎಂಬ ಸಾಲನ್ನೇ ಹಿಡಿದು ಅವನ ಹೆಸರಿನ ಮೇಲೆ ಆಡಿದ ಅಂತಲೂ ಹೇಳುತ್ತಾರೆ. ಡೊಮಿನಿಕನ್ ಸಂಘದ ಹಿರಿಯರೊಬ್ಬರು ಇದಕ್ಕೆ ನಾಚಿಕೆಪಟ್ಟು ಗೆಲಿಲಿಯೊಗೆ ಕ್ಷಮೆ ಕೇಳಿ ಪತ್ರ ಬರೆದರು. ಕಚ್ಚೀನಿ ಸುಮ್ನಿರಲಿಲ್ಲ. 1615ರಲ್ಲಿ ರೋಮ್‌ಗೆ ಹೋಗಿ ಇನ್‌ಕ್ವಿಸಿಷನ್ ಮುಂದೆ ಹೇಳಿಕೆ ಕೊಟ್ಟುಬಂದ.

## ಹೋಗುವವರಿಗೆ

ಇಲ್ಲಿ ಈಗಲೂ ಬಲಿಪೂಜೆ ನಡೆಯುತ್ತದೆ, ಹಾಗಾಗಿ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಒಂದೇ ಗಂಟೆ ಇದ್ದರೆ ಮಸಾಚ್ಚೊ, ಜೊತ್ತೊ, ಬಾಣಂತಿ ಕೋಣೆ, ನಾಯಿಗಳು, ಇಷ್ಟು ಸಾಕು. ಹೊರಗೆ ಮೈದಾನದಲ್ಲಿ ಕಂಚಿನ ಆಮೆಗಳ ಬೆನ್ನ ಮೇಲೆ ನಿಂತ ಎರಡು ಚೂಪು ಕಲ್ಲುಕಂಬ ಕಾಣುತ್ತವೆ. ಕೊಸಿಮೊ ಶುರು ಮಾಡಿದ ರಥದ ಓಟದಲ್ಲಿ ತಿರುಗಬೇಕಾದ ಗುರುತು ಅವು.

ಫ್ರೈಯರ್‌ಗಳು ತೋಟದ ಗಿಡಮೂಲಿಕೆಯಿಂದ ಔಷಧಿ, ಗುಲಾಬಿ ನೀರು ಮಾಡುತ್ತಿದ್ದರು. 1612ರಲ್ಲಿ ಅದನ್ನು ಹೊರಗಿನವರಿಗೂ ಮಾರಲು ಶುರು ಮಾಡಿದರು. 19ನೇ ಶತಮಾನದಲ್ಲಿ ಇಟಲಿ ಸರ್ಕಾರ ಕಾನ್ವೆಂಟಿನ ಆಸ್ತಿ ವಶಪಡಿಸಿಕೊಂಡ ಮೇಲೆ ಅಂಗಡಿ ಖಾಸಗಿಯವರ ಕೈಗೆ ಹೋಯಿತು. ಪಕ್ಕದ ವಿಯಾ ದೆಲ್ಲಾ ಸ್ಕಾಲಾ ಬೀದಿಯಲ್ಲಿ ಅದು ಇನ್ನೂ ನಡೆಯುತ್ತಿದೆ, ಕೊಳ್ಳದಿದ್ದರೂ ಒಳಗೆ ಹೋಗಿ ಮೂಸಿ ಬರಬಹುದು. ಅಲ್ಲಿಂದ ಸ್ಟೇಷನ್ನಿಗೆ ನಡೆದೇ ಹೋಗಬಹುದು, ಕೆಲವೇ ನಿಮಿಷ.